ರೈಲು ನಿಲ್ದಾಣದ ಆಸುಪಾಸಿನಲ್ಲಿ ಒಳ್ಳೆಯ ರಿಯಲ್ ಏಲ್ ಪಬ್ ಹುಡುಕುವುದು ಹೇಗೆ? ಶೆಫೀಲ್ಡ್ ನಗರವನ್ನು ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಅಥವಾ ಅಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿಕೊಂಡು ಬರಲು ಹೋಗುವ ಓದುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ರೈಲು ಬದಲಿಸುವ ಊರಿನಲ್ಲಿ ಒಂದೆರಡು ಗಂಟೆ ಬಿಡುವು ಸಿಕ್ಕರೆ, ನಿಲ್ದಾಣದಿಂದ ಹೆಚ್ಚು ದೂರ ಹೋಗದೆ, ಆ ನಾಡಿನ ಸಾಂಪ್ರದಾಯಿಕ ಬಿಯರ್ ಆದ ರಿಯಲ್ ಏಲ್ ಚೆನ್ನಾಗಿ ಸಿಗುವ ಪಬ್ಬನ್ನು ಗುರುತಿಸುವುದು ಹೇಗೆ ಎಂಬುದೇ ಆ ಪ್ರಶ್ನೆ. ನಿಲ್ದಾಣದ ಎದುರಿಗೆ ಮೊದಲು ಕಂಡ ಪಬ್ಬನ್ನೇ ಹೊಕ್ಕು, ಹುಳಿಯಾದ ಅಥವಾ ಸಪ್ಪೆಯಾದ ಒಂದು ಗ್ಲಾಸ್ ಕುಡಿದು, ಈ ಬಿಯರ್‌ನಲ್ಲಿ ಏನೂ ಹುರುಳಿಲ್ಲ ಎಂದು ತೀರ್ಮಾನಿಸಿ ಬಂದವರು ಬಹಳ ಮಂದಿ ಇದ್ದಾರೆ. ಚೆನ್ನಾಗಿ ನೋಡಿಕೊಂಡ ಒಂದು ಗ್ಲಾಸ್ ಸಿಕ್ಕಿದ್ದರೆ ಅವರ ಅಭಿಪ್ರಾಯ ಖಂಡಿತ ಬೇರೆಯಾಗಿರುತ್ತಿತ್ತು.

ಉದಾಹರಣೆಗೆ ಯಾರ್ಕ್‌ಷೈರ್‌ನ ಶೆಫೀಲ್ಡ್ ನಗರವನ್ನು ಆರಿಸಿಕೊಂಡಿದ್ದೇನೆ. ಈ ಊರಿನ ವಿಶ್ವವಿದ್ಯಾಲಯಗಳಿಗೆ ಕರ್ನಾಟಕದಿಂದಲೂ ವಿದ್ಯಾರ್ಥಿಗಳು ಹೋಗುತ್ತಾರೆ ಎಂಬುದು ಒಂದು ಕಾರಣ. ನಿಲ್ದಾಣದ ಪ್ಲಾಟ್‌ಫಾರ್ಮ್‌ನಿಂದಲೇ ಶುರುವಾಗಿ ಟ್ರಾಮ್ ದೂರದವರೆಗೆ ಒಳ್ಳೆಯ ಏಲ್ ಪಬ್‌ಗಳು ಇಲ್ಲಿ ಸಾಲಾಗಿ ಸಿಗುತ್ತವೆ ಎಂಬುದು ಇನ್ನೂ ದೊಡ್ಡ ಕಾರಣ. ಇಲ್ಲಿ ಹೇಳಿರುವ ಕ್ರಮವನ್ನು ಬೇರೆ ಊರುಗಳಲ್ಲೂ ಅನುಸರಿಸಬಹುದು.

ಮೊದಲು ತಿಳಿದಿರಬೇಕಾದ ಸಂಗತಿ

ಸಾಮಾನ್ಯ ಬಿಯರನ್ನು ಬ್ರೂವರಿಯಲ್ಲೇ ಸೋಸಿ, ಹಲವು ವೇಳೆ ಬಿಸಿಮಾಡಿ ಯೀಸ್ಟನ್ನು ತೆಗೆದುಹಾಕಿ ಅಥವಾ ನಿಷ್ಕ್ರಿಯಗೊಳಿಸಿ, ಕೆಗ್ ಎಂಬ ಉಕ್ಕಿನ ಡ್ರಮ್‌ಗೆ ತುಂಬಿಸಿ, ಗ್ಯಾಸ್‌ನ ಒತ್ತಡದಿಂದ ನಲ್ಲಿಗೆ ಹರಿಸುತ್ತಾರೆ. ರಿಯಲ್ ಏಲ್ ಹಾಗಲ್ಲ. ಅದನ್ನು ಜೀವಂತ ಯೀಸ್ಟ್ ಸಮೇತ ಕ್ಯಾಸ್ಕ್ ಎಂಬ ಪೀಪಾಯಿಗೆ ತುಂಬಿಸುತ್ತಾರೆ, ಅದು ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಹುದುಗುತ್ತಲೇ ಇರುತ್ತದೆ. ಪಬ್ಬಿನವರು ಪೀಪಾಯಿಯನ್ನು ಅಲುಗಾಡದಂತೆ ಮಲಗಿಸಿ, ಮೇಲಿನ ತೂತಿಗೆ ಮೆದು ಮರದ ಬೆಣೆ ಹೊಡೆದು, ಹೆಚ್ಚಿನ ಗಾಳಿ ನಿಧಾನವಾಗಿ ಹೊರಹೋಗಲು ಬಿಡುತ್ತಾರೆ. ನೊರೆ ಉಕ್ಕುವುದು ನಿಂತು ಯೀಸ್ಟ್ ತಳ ಸೇರಿದ ಮೇಲೆಯೇ ನಲ್ಲಿ ಜೋಡಿಸಿ, ಕೈಯಿಂದ ಎಳೆಯುವ ಹ್ಯಾಂಡ್‌ಪಂಪ್ ಮೂಲಕ ಮೇಲಕ್ಕೆ ತರುತ್ತಾರೆ. ಸಾಮಾನ್ಯವಾಗಿ ಗ್ಯಾಸ್‌ನ ಒತ್ತಡವನ್ನು ಬಳಸುವುದಿಲ್ಲವಾದ್ದರಿಂದ, ಎಳೆದುಕೊಂಡ ಪ್ರತಿ ಗ್ಲಾಸಿನ ಜಾಗಕ್ಕೂ ಹೊರಗಿನ ಗಾಳಿ ಪೀಪಾಯಿಯ ಒಳಗೆ ಸೇರುತ್ತದೆ. ಹುದುಗು ಬಂದ ದೋಸೆ ಹಿಟ್ಟಿಗೆ ಇರುವಂತೆ ಇದಕ್ಕೂ ಒಂದು ಹದದ ಕಾಲವಿದೆ. ತೆರೆದ ಪೀಪಾಯಿಯನ್ನು ಮೂರು ದಿನದೊಳಗೆ ಖಾಲಿ ಮಾಡಬೇಕು, ಆಮೇಲೆ ಅದರ ಸೊಗಸು ಇಳಿಯತೊಡಗುತ್ತದೆ.

ಹೀಗಾಗಿ ಒಂದೇ ಬ್ರೂವರಿಯ ಒಂದೇ ಬಿಯರ್ ಒಂದು ಪಬ್ಬಿನಲ್ಲಿ ಅಮೋಘವಾಗಿಯೂ, ಪಕ್ಕದ ಪಬ್ಬಿನಲ್ಲಿ ಕುಡಿಯಲಾಗದಂತೆಯೂ ಇರಲು ಸಾಧ್ಯ. ನೀವು ಹುಡುಕಬೇಕಾದದ್ದು ನೆಲಮಾಳಿಗೆಯನ್ನು ಚೆನ್ನಾಗಿ ನೋಡಿಕೊಳ್ಳುವ, ಬಿಯರ್ ಬೇಗ ಖರ್ಚಾಗುವ ಪಬ್ಬನ್ನು. ಬಿಯರ್‌ನ ಹೆಸರು ಆಮೇಲಿನ ಮಾತು.

1. ಕೈಯಲ್ಲಿರುವ ಸಮಯವನ್ನು ಲೆಕ್ಕ ಹಾಕಿ

ಮುಂದಿನ ರೈಲಿಗೆ ಮುಕ್ಕಾಲು ಗಂಟೆಯೊಳಗೆ ಹತ್ತಬೇಕಿದ್ದರೆ ನಿಲ್ದಾಣದ ಕಟ್ಟಡ ಬಿಟ್ಟು ಹೊರಗೆ ಹೋಗಬೇಡಿ. ಒಂದು ಗಂಟೆ ಮೇಲ್ಪಟ್ಟು ಇದ್ದರೆ ಐದು ಹತ್ತು ನಿಮಿಷದ ನಡಿಗೆಯೊಳಗಿನ ಪಬ್ ನೋಡಬಹುದು. ಎರಡು ಗಂಟೆಗಿಂತ ಹೆಚ್ಚಿದ್ದರೆ ಮಾತ್ರ ಟ್ರಾಮ್ ಅಥವಾ ಬಸ್ಸಿನ ಯೋಚನೆ ಮಾಡಿ. ನಿಮ್ಮ ಟಿಕೆಟ್ ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುವ ಅಡ್ವಾನ್ಸ್ ಟಿಕೆಟ್ ಆಗಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ಆ ರೈಲು ತಪ್ಪಿದರೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ, ಅದರ ಮುಂದೆ ಬಿಯರ್‌ನ ಬೆಲೆ ಏನೂ ಅಲ್ಲ.

2. ಹೊರಡುವ ಮುನ್ನವೇ ಎರಡು ಮೂರು ಹೆಸರು ಗುರುತು ಹಾಕಿಕೊಳ್ಳಿ

ಮ್ಯಾಪ್‌ನಲ್ಲಿ ಸುಮ್ಮನೆ ಪಬ್ ಎಂದು ಹುಡುಕಿದರೆ ಬರುವ ನಕ್ಷತ್ರಗಳ ಅಂಕ ನಿಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಆ ಅಂಕ ಊಟ, ಕ್ರಿಕೆಟ್ ಟಿವಿ, ಸಿಬ್ಬಂದಿಯ ನಗುಮುಖ ಎಲ್ಲವನ್ನೂ ಒಟ್ಟು ಸೇರಿಸಿ ಬಂದಿರುತ್ತದೆ, ಏಲ್‌ನ ಸ್ಥಿತಿಯನ್ನು ಅದರಿಂದ ತಿಳಿಯಲಾಗದು.

ಅದರ ಬದಲು ಕ್ಯಾಮ್ರಾದ ಮೊರೆ ಹೋಗಿ. 1971ರಲ್ಲಿ ಶುರುವಾದ ಈ ಗ್ರಾಹಕರ ಸಂಘಟನೆ ರಿಯಲ್ ಏಲ್ ಉಳಿಸುವ ಚಳವಳಿಯನ್ನು ನಡೆಸಿಕೊಂಡು ಬಂದಿದೆ. ಅದರ ಸದಸ್ಯರು ತಾವು ಕುಡಿದ ಪ್ರತಿ ಪಬ್ಬಿನ ಏಲ್‌ಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 3 ಎಂದರೆ ಚೆನ್ನಾಗಿದೆ, 4 ಎಂದರೆ ಬಹಳ ಚೆನ್ನಾಗಿದೆ, 5 ತೀರಾ ಅಪರೂಪಕ್ಕೆ ಸಿಗುವ ಅಂಕ. ಈ ಅಂಕಗಳ ನೆರವಿನಿಂದ ಸ್ಥಳೀಯ ಶಾಖೆಗಳು ಆರಿಸಿದ ಪಬ್‌ಗಳೇ ಪ್ರತಿ ವರ್ಷ ಬರುವ ಗುಡ್ ಬಿಯರ್ ಗೈಡ್‌ನಲ್ಲಿ ಸೇರುತ್ತವೆ. ಪುಸ್ತಕ ಕೊಳ್ಳಲೇಬೇಕೆಂದಿಲ್ಲ, ಕ್ಯಾಮ್ರಾದ ಜಾಲತಾಣದಲ್ಲಿ ಊರಿನ ಹೆಸರು ಕೊಟ್ಟರೆ ಪಬ್‌ಗಳ ವಿವರ ಸಿಗುತ್ತದೆ. ಇನ್ನೊಂದು ಗುರುತು ಕ್ಯಾಸ್ಕ್ ಮಾರ್ಕ್. ಈ ಸಂಸ್ಥೆಯ ಪರೀಕ್ಷಕರು ಪಬ್ಬಿಗೆ ಬಂದು ಏಲ್‌ನ ಉಷ್ಣಾಂಶ, ನೋಟ, ವಾಸನೆ ಮತ್ತು ರುಚಿಯನ್ನು ಪರೀಕ್ಷಿಸುತ್ತಾರೆ, ತೇರ್ಗಡೆಯಾದ ಪಬ್‌ಗಳು ಅದರ ಫಲಕವನ್ನು ಸಾಮಾನ್ಯವಾಗಿ ಬಾಗಿಲ ಬಳಿ ಹಾಕಿಕೊಂಡಿರುತ್ತವೆ.

ಎಚ್ಚರಿಕೆ: ಕಿಟಕಿಯ ಮೇಲೆ ಹಳೆಯ ವರ್ಷದ ಗೈಡ್ ಸ್ಟಿಕ್ಕರ್ ಮಾತ್ರ ಇದ್ದು ಈಚಿನ ವರ್ಷದ್ದು ಇಲ್ಲದಿದ್ದರೆ, ನಡುವೆ ಪಬ್ಬಿನ ಆಡಳಿತ ಬದಲಾಗಿರುವ ಸಾಧ್ಯತೆ ಇದೆ. ಸಣ್ಣ ಪಬ್‌ಗಳು ವಾರದ ಮೊದಲ ದಿನಗಳಲ್ಲಿ ಸಂಜೆ ಮಾತ್ರ ತೆರೆಯುವುದು ಅಥವಾ ತೆರೆಯದೇ ಇರುವುದು ಉಂಟು. ಆ ದಿನದ ಸಮಯವನ್ನು ಪಬ್ಬಿನ ಸ್ವಂತ ಪುಟದಲ್ಲಿ ನೋಡಿಕೊಂಡೇ ಹೊರಡಿ.

3. ನಿಲ್ದಾಣದ ಕಟ್ಟಡದೊಳಗೇ ಮೊದಲು ನೋಡಿ

ನಿಲ್ದಾಣದೊಳಗಿನ ಬಾರ್ ಎಂದರೆ ಆತುರದ ಗಿರಾಕಿಗಳಿಗೆ ದುಬಾರಿ ಬೆಲೆಗೆ ಏನೋ ಒಂದನ್ನು ಕೊಡುವ ಜಾಗ ಎಂಬ ಎಣಿಕೆ ನಮ್ಮಲ್ಲಿ ಹಲವರಿಗಿದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆ ಎಣಿಕೆ ಅನೇಕ ಕಡೆ ಸುಳ್ಳಾಗುತ್ತದೆ. ಹಳೆಯ ಕಾಲದ ರೈಲ್ವೆ ಕಂಪನಿಗಳು ಪ್ರಯಾಣಿಕರಿಗಾಗಿ ಕಟ್ಟಿಸಿದ ಉಪಾಹಾರ ಕೋಣೆಗಳು ಎತ್ತರದ ಚಾವಣಿ, ಹೊಳಪಿನ ಟೈಲ್ಸ್, ಮರದ ಕೆತ್ತನೆಗಳಿಂದ ಕೂಡಿದ್ದವು. ಎಷ್ಟೋ ವರ್ಷ ಪಾಳುಬಿದ್ದಿದ್ದ ಅಂಥ ಕೋಣೆಗಳಲ್ಲಿ ಕೆಲವನ್ನು ಈಚೆಗೆ ಪಬ್‌ಗಳಾಗಿ ಜೀರ್ಣೋದ್ಧಾರ ಮಾಡಲಾಗಿದೆ.

ಶೆಫೀಲ್ಡ್ ಟ್ಯಾಪ್ ಇದಕ್ಕೆ ಅತ್ಯುತ್ತಮ ಉದಾಹರಣೆ. 20ನೇ ಶತಮಾನದ ಮೊದಲ ವರ್ಷಗಳ ಮೊದಲ ದರ್ಜೆಯ ಉಪಾಹಾರ ಕೋಣೆಯಲ್ಲಿ, ಅದು ದಶಕಗಳ ಕಾಲ ಮುಚ್ಚಿಬಿದ್ದ ನಂತರ, ಈ ಪಬ್ 2009ರಲ್ಲಿ ತೆರೆಯಿತು. ಒಂದನೇ ಪ್ಲಾಟ್‌ಫಾರ್ಮ್‌ನ ಕಡೆಯಿಂದಲೂ ಹೊರಗಿನ ಶೀಫ್ ಸ್ಟ್ರೀಟ್ ಕಡೆಯಿಂದಲೂ ಇದಕ್ಕೆ ಪ್ರವೇಶವಿದೆ. ಪಕ್ಕದಲ್ಲಿದ್ದ ಹಳೆಯ ಊಟದ ಹಜಾರದಲ್ಲಿ ಬ್ರೂವರಿಯನ್ನೇ ಕೂರಿಸಿದ್ದಾರೆ. ತಾಮ್ರ ಮತ್ತು ಉಕ್ಕಿನ ಹಂಡೆಗಳ ಪಕ್ಕದಲ್ಲಿ, ಟೈಲ್ಸ್ ಗೋಡೆಯ ಕೆಳಗೆ ಕುಳಿತು ಏಲ್ ಕುಡಿಯಬಹುದು. ಮುಂದಿನ ರೈಲಿಗೆ ಅರ್ಧ ಗಂಟೆ ಮಾತ್ರ ಇರುವವರಿಗೆ ನಾನು ಹೇಳುವುದು ಈ ಒಂದೇ ಹೆಸರು.

ಬೇರೆ ಊರುಗಳಿಗೆ ಹೋಗುವವರು ಇವನ್ನು ನೆನಪಿಟ್ಟುಕೊಳ್ಳಿ: ಯಾರ್ಕ್ ನಿಲ್ದಾಣದ ಹಳೆಯ ಚಹಾ ಕೋಣೆಯಲ್ಲಿರುವ ಯಾರ್ಕ್ ಟ್ಯಾಪ್, ಲಂಡನ್ನಿನ ಯೂಸ್ಟನ್ ಮುಂದಿನ 19ನೇ ಶತಮಾನದ ಕಲ್ಲಿನ ಪುಟ್ಟ ಕಟ್ಟಡದಲ್ಲಿರುವ ಯೂಸ್ಟನ್ ಟ್ಯಾಪ್, ಕಿಂಗ್ಸ್ ಕ್ರಾಸ್‌ನ ಹಳೆಯ ಪಾರ್ಸೆಲ್ ಕಚೇರಿಯಲ್ಲಿರುವ ಪಾರ್ಸೆಲ್ ಯಾರ್ಡ್. ಮ್ಯಾಂಚೆಸ್ಟರ್‌ನಿಂದ ಹಡರ್ಸ್‌ಫೀಲ್ಡ್ ಕಡೆಗೆ ಹೋಗುವ ಮಾರ್ಗದಲ್ಲಿ ಸ್ಟೇಲಿಬ್ರಿಡ್ಜ್ ನಿಲ್ದಾಣದ ಪ್ಲಾಟ್‌ಫಾರ್ಮ್ ಮೇಲೆಯೇ 1885ರ ಬಫೆ ಬಾರ್ ಇದೆ. ಹಡರ್ಸ್‌ಫೀಲ್ಡ್ ನಿಲ್ದಾಣದ ಭವ್ಯ ಮುಂಭಾಗದಲ್ಲಂತೂ ಎಡಕ್ಕೊಂದು ಬಲಕ್ಕೊಂದು ಪಬ್ ಇವೆ.

4. ಸಮಯವಿದ್ದರೆ ಮಾತ್ರ ಮುಂದಕ್ಕೆ ಹೋಗಿ

ಶೆಫೀಲ್ಡ್ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಬ್ರೌನ್ ಸ್ಟ್ರೀಟ್‌ನಲ್ಲಿ ರಟ್‌ಲ್ಯಾಂಡ್ ಆರ್ಮ್ಸ್ ಎಂಬ ಮೂಲೆ ಪಬ್ ಸಿಗುತ್ತದೆ. ಟ್ಯಾಪ್‌ನಲ್ಲಿ ಕೂರಲು ಜಾಗವಿಲ್ಲದ ಶುಕ್ರವಾರದ ಸಂಜೆ ಇದು ಒಳ್ಳೆಯ ಪರ್ಯಾಯ.

ಎರಡು ಮೂರು ಗಂಟೆ ಇರುವವರು ಕೆಲ್ಹಮ್ ಐಲ್ಯಾಂಡ್‌ಗೆ ಹೋಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಡಾನ್ ನದಿಯ ದಂಡೆಯ ಈ ಹಳೆಯ ಕಾರ್ಖಾನೆಗಳ ಬಡಾವಣೆಗೆ ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು. ಟ್ರಾಮ್‌ನಲ್ಲಿ ಹೋಗುವುದಾದರೆ, ನಿಲ್ದಾಣದ ಮೇಲ್ಸೇತುವೆ ದಾಟಿ ಹಿಂಬದಿಯಲ್ಲಿರುವ ಟ್ರಾಮ್ ನಿಲುಗಡೆಗೆ ಬನ್ನಿ. ಅಲ್ಲಿ ಮಾಲಿನ್ ಬ್ರಿಡ್ಜ್ ಕಡೆಗೆ ಹೋಗುವ ನೀಲಿ ಮಾರ್ಗದ ಟ್ರಾಮ್ ಹತ್ತಿ ಶೇಲ್ಸ್‌ಮೋರ್‌ನಲ್ಲಿ ಇಳಿಯಿರಿ. ಮುಂಭಾಗದ ಚೌಕದಲ್ಲಿ ಟ್ರಾಮ್ ಹುಡುಕುತ್ತ ಸಮಯ ಕಳೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಆಲ್ಮಾ ಸ್ಟ್ರೀಟ್‌ನ ಫ್ಯಾಟ್ ಕ್ಯಾಟ್ ಇಲ್ಲಿನ ಪಬ್‌ಗಳ ಪೈಕಿ ಚರಿತ್ರೆಯಲ್ಲಿ ಮುಖ್ಯವಾದದ್ದು. ದೊಡ್ಡ ಬ್ರೂವರಿಗಳು ಊರಿನ ಬಹುತೇಕ ಪಬ್‌ಗಳನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದ ಕಾಲದಲ್ಲಿ, 1981ರಲ್ಲಿ, ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಡೇವ್ ವಿಕೆಟ್ ಇದನ್ನು ಸ್ವತಂತ್ರ ಪಬ್ ಆಗಿ ತೆರೆದರು. 1990ರಲ್ಲಿ ಪಬ್ಬಿನ ಪಕ್ಕದಲ್ಲೇ ಕೆಲ್ಹಮ್ ಐಲ್ಯಾಂಡ್ ಬ್ರೂವರಿ ಶುರುಮಾಡಿದರು. ಅಲ್ಲಿ ತಯಾರಾದ ಪೇಲ್ ರೈಡರ್ ಎಂಬ ಏಲ್ 2004ರಲ್ಲಿ ಕ್ಯಾಮ್ರಾದ ಬ್ರಿಟನ್ನಿನ ಚಾಂಪಿಯನ್ ಬಿಯರ್ ಪ್ರಶಸ್ತಿ ಪಡೆಯಿತು. ಬ್ರೂವರಿ 2022ರಲ್ಲಿ ಮುಚ್ಚಿದಾಗ ಡರ್ಬಿಷೈರ್‌ನ ಥಾರ್ನ್‌ಬ್ರಿಡ್ಜ್ ಬ್ರೂವರಿ ಪೇಲ್ ರೈಡರ್ ತಯಾರಿಕೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಎಲ್ಲಿಯಾದರೂ ಪಂಪ್ ಮೇಲೆ ಆ ಹೆಸರು ಕಂಡರೆ ಬಿಡಬೇಡಿ. ಸ್ವಲ್ಪವೇ ದೂರದಲ್ಲಿ, ರಸೆಲ್ ಸ್ಟ್ರೀಟ್‌ನಲ್ಲಿ ಕೆಲ್ಹಮ್ ಐಲ್ಯಾಂಡ್ ಟ್ಯಾವರ್ನ್ ಇದೆ. 2008 ಮತ್ತು 2009ರ ಸಾಲುಗಳಲ್ಲಿ ಸತತವಾಗಿ ಕ್ಯಾಮ್ರಾದ ರಾಷ್ಟ್ರಮಟ್ಟದ ವರ್ಷದ ಪಬ್ ಎನಿಸಿದ ಹೆಗ್ಗಳಿಕೆ ಇದರದು.

ಎಚ್ಚರಿಕೆ: ಶೆಫೀಲ್ಡ್ ಫುಟ್‌ಬಾಲ್‌ನ ಊರು. ಯುನೈಟೆಡ್ ತಂಡದ ಬ್ರಾಮಲ್ ಲೇನ್ ಕ್ರೀಡಾಂಗಣ ನಿಲ್ದಾಣದಿಂದ ನಡೆಯುವಷ್ಟೇ ದೂರದಲ್ಲಿದೆ. ವೆನ್ಸ್‌ಡೇ ತಂಡದ ಹಿಲ್ಸ್‌ಬರೋ ಕಡೆಗೆ ಹೋಗುವವರೂ ಇದೇ ನೀಲಿ ಮಾರ್ಗದ ಟ್ರಾಮ್ ಹತ್ತುತ್ತಾರೆ. ಪಂದ್ಯದ ದಿನ ಪಬ್‌ಗಳು, ಟ್ರಾಮ್‌ಗಳು ಕಿಕ್ಕಿರಿದಿರುತ್ತವೆ, ಕೆಲವು ಪಬ್‌ಗಳು ತಂಡದ ಬಣ್ಣ ತೊಟ್ಟವರನ್ನು ಒಳಗೆ ಬಿಡುವುದಿಲ್ಲ. ಪಂದ್ಯದ ವೇಳಾಪಟ್ಟಿ ನೋಡದೆ ಶನಿವಾರ ಮಧ್ಯಾಹ್ನದ ಯೋಜನೆ ಹಾಕಬೇಡಿ.

5. ಹಣ ಕೊಡುವ ಮುನ್ನ ಬಾರ್ ಕೌಂಟರ್ ಮುಂದೆ ಎರಡು ನಿಮಿಷ ನಿಂತು ನೋಡಿ

ಮೊದಲಿಗೆ ಹ್ಯಾಂಡ್‌ಪಂಪ್‌ಗಳನ್ನು ಎಣಿಸಿ, ಆಮೇಲೆ ಗಿರಾಕಿಗಳನ್ನು ಎಣಿಸಿ. ಪಂಪ್‌ಗಳು ಹೆಚ್ಚಿದ್ದಷ್ಟೂ ಪಬ್ ಒಳ್ಳೆಯದು ಎಂದು ಭಾವಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಫರ್ಕಿನ್ ಎಂಬ ಹೆಚ್ಚು ಬಳಕೆಯ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್ ಏಲ್ ಹಿಡಿಯುತ್ತದೆ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಮೂರು ದಿನದಲ್ಲಿ ಅದು ಖಾಲಿಯಾಗಬೇಕಾದರೆ ಒಂದೊಂದು ಪಂಪ್‌ನಿಂದಲೂ ದಿನಕ್ಕೆ ಸುಮಾರು 24 ಪೈಂಟ್ ಮಾರಾಟವಾಗಬೇಕು. ಹತ್ತು ಪಂಪ್ ಇದ್ದರೆ ದಿನಕ್ಕೆ 240 ಪೈಂಟ್. ಸಂಜೆ ಏಳು ಗಂಟೆಗೂ ಅರ್ಧ ಡಜನ್ ಜನರಿರುವ ಪಬ್ಬಿನಲ್ಲಿ ಹತ್ತು ಪಂಪ್ ಕಂಡರೆ, ಅವುಗಳಲ್ಲಿ ಕೆಲವು ಪೀಪಾಯಿಗಳು ವಾರದಿಂದ ತೆರೆದೇ ಇವೆ ಎಂದು ಊಹಿಸಬಹುದು. ಖಾಲಿ ಪಬ್ಬಿನಲ್ಲಿ ಎರಡೇ ಪಂಪ್ ಇಟ್ಟುಕೊಂಡಿರುವ ಮಾಲೀಕರು ತಮ್ಮ ಕೆಲಸ ಬಲ್ಲವರು.

ಪ್ರತಿ ಪಂಪ್‌ನ ಮುಂದೆ ಆ ಏಲ್‌ನ ಹೆಸರು ಮತ್ತು ಶೇಕಡಾವಾರು ಮದ್ಯಸಾರ ಬರೆದ ಫಲಕ ಇರುತ್ತದೆ. ಫಲಕವನ್ನು ಹಿಂದುಮುಂದಾಗಿ ತಿರುಗಿಸಿಟ್ಟಿದ್ದರೆ ಆ ಏಲ್ ಮುಗಿದಿದೆ ಅಥವಾ ಇನ್ನೂ ಹದಕ್ಕೆ ಬಂದಿಲ್ಲ ಎಂದರ್ಥ. ಇದು ಒಳ್ಳೆಯ ಲಕ್ಷಣ, ಹದವಾಗದ್ದನ್ನು ಅವರು ಮಾರುತ್ತಿಲ್ಲ.

ಬಾಗಿಲು ತೆರೆದ ಕೂಡಲೇ ಹೋದವರು ಇನ್ನೊಂದನ್ನು ಗಮನಿಸಬೇಕು. ರಾತ್ರಿಯಿಡೀ ಕೊಳವೆಯಲ್ಲಿ ನಿಂತಿದ್ದ ಏಲ್ ಹಳಸಿದ ರುಚಿಯಾಗಿರುತ್ತದೆ. ಒಳ್ಳೆಯ ಪಬ್ಬಿನಲ್ಲಿ ಬೆಳಗಿನ ಮೊದಲ ಎಳೆತಗಳನ್ನು ಜಗ್ಗಿಗೆ ಹಿಡಿದು ಚೆಲ್ಲಿ, ಆಮೇಲೆ ನಿಮ್ಮ ಗ್ಲಾಸ್ ತುಂಬಿಸುತ್ತಾರೆ. ಹಾಗೆ ಚೆಲ್ಲುವುದನ್ನು ಕಂಡರೆ ನಿಶ್ಚಿಂತೆಯಿಂದ ಅಲ್ಲೇ ಕೂರಿ.

6. ಕೇಳುವ ಕ್ರಮ

ಮೇಜಿನ ಬಳಿ ಕೂತು ವೇಟರ್‌ಗಾಗಿ ಕಾಯಬೇಡಿ, ಹೆಚ್ಚಿನ ಪಬ್‌ಗಳಲ್ಲಿ ಕೌಂಟರ್‌ಗೆ ನೀವೇ ಹೋಗಿ, ಆಗಲೇ ಹಣ ಕೊಟ್ಟು, ಗ್ಲಾಸನ್ನು ಕೈಯಲ್ಲಿ ಹಿಡಿದುಕೊಂಡು ಬರಬೇಕು. ನಿಮಗಿಂತ ಮುಂಚೆ ಬಂದವರು ಯಾರೆಂದು ನೋಡಿಟ್ಟುಕೊಂಡು ಅವರಿಗೆ ಮೊದಲು ಅವಕಾಶ ಕೊಡಿ. ಕಾರ್ಡ್ ಬೀಸುವುದು, ಕೂಗಿ ಕರೆಯುವುದು ಅಲ್ಲಿ ಒರಟುತನ ಎನಿಸಿಕೊಳ್ಳುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. 18 ತುಂಬಿದವರಿಗೆ ಮಾತ್ರ ಮದ್ಯ ಮಾರುತ್ತಾರೆ. ಆದರೆ 25ಕ್ಕಿಂತ ಚಿಕ್ಕವರಂತೆ ಕಾಣುವವರ ಗುರುತಿನ ಚೀಟಿ ಕೇಳುವ ಪದ್ಧತಿ ಇರುವುದರಿಂದ ವಿದ್ಯಾರ್ಥಿಗಳು ಪಾಸ್‌ಪೋರ್ಟ್ ಅಥವಾ ಅಲ್ಲಿ ಒಪ್ಪುವ ಬೇರೆ ಗುರುತಿನ ಚೀಟಿ ಇಟ್ಟುಕೊಂಡಿರಬೇಕು.

ಯಾವುದು ಬೇಕೆಂದು ಗೊತ್ತಾಗದಿದ್ದರೆ, ಸ್ವಲ್ಪ ರುಚಿ ನೋಡಬಹುದೇ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಪಬ್‌ಗಳಲ್ಲಿ ಒಂದೆರಡು ಗುಟುಕು ಕೊಡುತ್ತಾರೆ. ಕೌಂಟರ್‌ನಲ್ಲಿ ನೂಕುನುಗ್ಗಲಿದ್ದಾಗ ಮಾತ್ರ ನಾಲ್ಕೈದು ಬಗೆ ಕೇಳಬೇಡಿ. ಮೊದಲ ಸಲ ಕುಡಿಯುವವರು ಶೇಕಡಾ 3.8ರಿಂದ 4.2ರ ಆಸುಪಾಸಿನ ಪೇಲ್ ಏಲ್ ಅಥವಾ ಬಿಟರ್ ಅನ್ನು ಅರ್ಧ ಪೈಂಟ್ ತೆಗೆದುಕೊಳ್ಳಲಿ ಎಂಬುದು ನನ್ನ ಸಲಹೆ. ಪೇಲ್ ಏಲ್ ಹೊಂಬಣ್ಣದ್ದು, ಹಾಪ್ಸ್ ಹೂವಿನ ಘಮ ಮುಂದಾಗಿರುತ್ತದೆ. ಬಿಟರ್ ತುಸು ಕಂದು, ಬಾರ್ಲಿಯ ಮಾಲ್ಟ್ ರುಚಿ ಹೆಚ್ಚು.

ಎಚ್ಚರಿಕೆ: ಥಾರ್ನ್‌ಬ್ರಿಡ್ಜ್‌ನವರ ಜೈಪುರ್ ಎಂಬ ಇಂಡಿಯಾ ಪೇಲ್ ಏಲ್ ಶೆಫೀಲ್ಡ್‌ನಲ್ಲಿ ಸಾಕಷ್ಟು ಕಡೆ ಸಿಗುತ್ತದೆ, ಹೆಸರು ನೋಡಿ ನಮ್ಮವರು ಪ್ರೀತಿಯಿಂದ ಅದನ್ನೇ ಕೇಳುತ್ತಾರೆ. ರುಚಿ ನಿಜಕ್ಕೂ ಸೊಗಸು, ಆದರೆ ಅದು ಶೇಕಡಾ 5.9ರದ್ದು. ಶೇಕಡಾ 4ರ ಒಂದು ಪೈಂಟ್‌ನಲ್ಲಿ 2.3 ಯೂನಿಟ್ ಮದ್ಯಸಾರವಿದ್ದರೆ ಜೈಪುರ್ ಒಂದು ಪೈಂಟ್‌ನಲ್ಲಿ 3.4 ಯೂನಿಟ್ ಇರುತ್ತದೆ. ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರ. ವಾರಕ್ಕೆ 14 ಯೂನಿಟ್ ಮೀರಬಾರದು ಎಂಬುದು ಅಲ್ಲಿನ ವೈದ್ಯಾಧಿಕಾರಿಗಳ ಸಲಹೆ.

7. ಸಸ್ಯಾಹಾರಿಗಳು ತಪ್ಪದೆ ಕೇಳಬೇಕಾದ ಪ್ರಶ್ನೆ

ಏಲ್‌ನಲ್ಲಿ ತೇಲುವ ಯೀಸ್ಟನ್ನು ಬೇಗ ತಳಕ್ಕೆ ಇಳಿಸಲು ಐಸಿಂಗ್ಲಾಸ್ ಎಂಬ ವಸ್ತುವನ್ನು ಹಾಕುವ ರೂಢಿ ಹಿಂದಿನಿಂದ ಬಂದಿದೆ. ಇದನ್ನು ತಯಾರಿಸುವುದು ಮೀನಿನ ಗಾಳಿಚೀಲದಿಂದ. ಅದು ಯೀಸ್ಟ್ ಜೊತೆ ತಳ ಸೇರುತ್ತದೆ, ಗ್ಲಾಸಿಗೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಶುದ್ಧ ಸಸ್ಯಾಹಾರ ಪಾಲಿಸುವವರಿಗೆ ಈ ವಿಷಯ ತಿಳಿದಿರಲೇಬೇಕು. ಕುಡಿದ ಮೇಲೆ ಗೊತ್ತಾಗಿ ನೊಂದುಕೊಳ್ಳುವುದಕ್ಕಿಂತ ಮೊದಲೇ, ಇದರಲ್ಲಿ ವೀಗನ್ ಏಲ್ ಯಾವುದು ಎಂದು ಕೇಳಿ. ಈಗ ಹಲವು ಸಣ್ಣ ಬ್ರೂವರಿಗಳು ಐಸಿಂಗ್ಲಾಸ್ ಬಿಟ್ಟಿವೆ, ಅಂಥ ಏಲ್‌ಗಳ ಫಲಕದ ಮೇಲೆ ಅನೇಕ ವೇಳೆ ಹಾಗೆಂದು ಬರೆದೂ ಇರುತ್ತದೆ. ಹಾಲಿನ ಸಕ್ಕರೆ ಬೆರೆಸಿದ ಮಿಲ್ಕ್ ಸ್ಟೌಟ್ ವೀಗನ್ನರಿಗೆ ಸಲ್ಲದು. ಬಾರ್ಲಿಯಲ್ಲಿ ಗ್ಲುಟೆನ್ ಇರುವುದರಿಂದ ಅದು ಒಗ್ಗದವರು ಗ್ಲುಟೆನ್ ರಹಿತ ಎಂದು ಬರೆದದ್ದನ್ನು ಮಾತ್ರ ತೆಗೆದುಕೊಳ್ಳಬೇಕು.

8. ಗ್ಲಾಸನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಹಿಂದಿರುಗಿಸಿ

ಬೆಂಗಳೂರಿನ ಪಬ್‌ಗಳಲ್ಲಿ ಮಂಜಿನಷ್ಟು ತಣ್ಣಗೆ ಬರುವ ಬಿಯರ್‌ಗೆ ಒಗ್ಗಿದವರಿಗೆ ರಿಯಲ್ ಏಲ್ ಮೊದಲ ಗುಟುಕಿಗೆ ಬೆಚ್ಚಗಿದೆ ಎನಿಸಬಹುದು. ಅದನ್ನು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಡುವುದೇ ಕ್ರಮ, ಅದಕ್ಕಿಂತ ತಣ್ಣಗಾದರೆ ಹಾಪ್ಸ್ ಮತ್ತು ಮಾಲ್ಟ್‌ನ ಘಮ ಮೂಗಿಗೆ ಬಡಿಯುವುದಿಲ್ಲ. ಗ್ಲಾಸ್ ಮುಟ್ಟಿದರೆ ಹಿತವಾದ ತಂಪು ಇರಬೇಕು. ಕೋಣೆಯಷ್ಟೇ ಬೆಚ್ಚಗಿದ್ದರೆ ಅದು ದೋಷವೇ. ಗುಳ್ಳೆಗಳು ಸೋಡಾದಷ್ಟು ಚುರುಕಾಗಿರುವುದಿಲ್ಲ, ಆದರೆ ನಾಲಗೆಯ ಮೇಲೆ ಸಣ್ಣ ಜುಮ್ಮೆನಿಸುವಿಕೆ ಇರಲೇಬೇಕು. ಅದೂ ಇಲ್ಲದಿದ್ದರೆ ಪೀಪಾಯಿ ಹಳೆಯದಾಗಿದೆ. ಯಾರ್ಕ್‌ಷೈರ್‌ನಲ್ಲಿ ಪಂಪ್‌ನ ಮೂತಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ತೂತುಗಳ ಬಿರಡೆ ಹಾಕಿ ಕೆನೆಯಂಥ ದಟ್ಟ ನೊರೆ ಬರಿಸುತ್ತಾರೆ, ದಕ್ಷಿಣದ ಊರುಗಳಲ್ಲಿ ನೊರೆ ಕಡಿಮೆ. ಎರಡೂ ಸರಿಯೇ. ನೊರೆ ಅತಿಯಾಗಿ ಏಲ್ ಕಡಿಮೆ ಬಂದಿದ್ದರೆ ಮೇಲೆ ತುಂಬಿಸಿಕೊಡಲು ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ವಿನೆಗರ್‌ನಂಥ ಹುಳಿ, ಒದ್ದೆ ರಟ್ಟಿನ ವಾಸನೆ, ಬಾಯಲ್ಲಿ ಎಣ್ಣೆ ಸವರಿದಂಥ ಜಿಡ್ಡು ಕೆಟ್ಟ ಏಲ್‌ನ ಲಕ್ಷಣಗಳು. ಬರೀ ಮಬ್ಬಾಗಿದೆ ಎಂಬ ಕಾರಣಕ್ಕೆ ಕೆಟ್ಟಿದೆ ಎನ್ನಬೇಡಿ, ಐಸಿಂಗ್ಲಾಸ್ ಹಾಕದ ಏಲ್ ಮಬ್ಬಾಗಿರುವುದು ಸಹಜ. ಸಂಶಯವಿದ್ದರೆ, ಇದು ಹೀಗೆಯೇ ಇರಬೇಕೇ ಎಂದು ವಿಚಾರಿಸಿ. ಕೆಟ್ಟಿದೆ ಎಂದು ಖಚಿತವಾದರೆ ಎರಡು ಮೂರು ಗುಟುಕಿನೊಳಗೇ ಕೌಂಟರ್‌ಗೆ ಒಯ್ದು ಮೆಲುದನಿಯಲ್ಲಿ ಹೇಳಿ. ಬಲ್ಲವರು ತಾವೂ ಒಂದಿಷ್ಟು ಎಳೆದು ರುಚಿ ನೋಡಿ, ಬೇರೆ ಏಲ್ ಕೊಟ್ಟು, ಆ ಪಂಪ್‌ನ ಫಲಕ ತಿರುಗಿಸುತ್ತಾರೆ. ಮುಕ್ಕಾಲು ಗ್ಲಾಸ್ ಕುಡಿದ ಮೇಲೆ ದೂರು ಹೇಳಿದರೆ ಯಾರೂ ಒಪ್ಪುವುದಿಲ್ಲ. ರುಚಿ ನಿಮಗೆ ಹಿಡಿಸಲಿಲ್ಲ ಎಂಬುದೂ ಹಿಂದಿರುಗಿಸಲು ಕಾರಣವಲ್ಲ.

9. ಮರಳಿ ರೈಲಿಗೆ

ಊಟ ಮಾಡುವ ಯೋಚನೆ ಇದ್ದರೆ ಬಂದ ಕೂಡಲೇ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿಟ್ಟುಕೊಳ್ಳಿ, ಬಾರ್ ತೆರೆದಿದ್ದರೂ ಊಟ ಬೇಗ ನಿಲ್ಲುವುದು ಸಾಮಾನ್ಯ. ಕೆಲವು ಏಲ್ ಪಬ್‌ಗಳಲ್ಲಿ ಊಟವೇ ಇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿಯದಂತೆ ಬ್ಯಾಗಿನಲ್ಲಿ ಏನಾದರೂ ಇಟ್ಟುಕೊಂಡಿರಿ, ಅದನ್ನು ಪಬ್ಬಿನೊಳಗೆ ಬಿಚ್ಚುವ ಮುನ್ನ ಮಾತ್ರ ಕೇಳಿ.

ಕೆಲ್ಹಮ್ ಐಲ್ಯಾಂಡ್‌ನಿಂದ ಹೊರಡುವವರು ರೈಲಿನ ಸಮಯಕ್ಕೆ ಒಂದು ಗಂಟೆ ಮುಂಚೆ ಎದ್ದರೆ ಧಾವಂತವಿರುವುದಿಲ್ಲ. ಶೆಫೀಲ್ಡ್ ಟ್ಯಾಪ್‌ನಲ್ಲಿ ಕುಳಿತವರು ತಾವು ಪ್ಲಾಟ್‌ಫಾರ್ಮ್ ಮೇಲೆಯೇ ಇದ್ದೇವೆಂದು ಮೈಮರೆಯಬಾರದು. ನಿಲ್ದಾಣದಲ್ಲಿ ಎಂಟರವರೆಗೆ ಪ್ಲಾಟ್‌ಫಾರ್ಮ್‌ಗಳಿವೆ, ನಿಮ್ಮ ರೈಲು ಮೇಲ್ಸೇತುವೆಯ ಆಚೆ ಕೊನೆಯಲ್ಲಿ ನಿಂತಿರಬಹುದು, ಹೊರಡುವ ಸಮಯಕ್ಕೆ ಮುಂಚೆಯೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊಬೈಲ್‌ನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಕಂಡ ಕೂಡಲೇ ಎದ್ದುಬಿಡಿ. ಗ್ಲಾಸನ್ನು ಹೊರಗೆ ಕೊಂಡೊಯ್ಯುವಂತಿಲ್ಲ. ಫುಟ್‌ಬಾಲ್ ದಿನಗಳಲ್ಲಿ ಕೆಲವು ರೈಲುಗಳಲ್ಲಿ ಮದ್ಯ ತರುವುದನ್ನೇ ನಿಷೇಧಿಸುವುದರಿಂದ, ಬಾಟಲಿ ಕೊಂಡು ಬ್ಯಾಗಿಗೆ ಹಾಕಿಕೊಳ್ಳುವ ಮುನ್ನ ಆ ದಿನದ ಸೂಚನೆಯನ್ನು ನಿಲ್ದಾಣದಲ್ಲಿ ವಿಚಾರಿಸಿ. ಇಳಿಯುವ ಊರಿನಲ್ಲಿ ನಿಮ್ಮ ಕಾರು ನಿಂತಿದ್ದರೆ ಅದನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿಯಿರಿ.